ನಡೆದರೆ ಹಣ: ದೊಡ್ಡವರಿಗೂ ಬಹುಮಾನ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ಸಕ್ಕರೆ ಕಾಯಿಲೆಯಿದೆ. ವೈದ್ಯರು ಎಷ್ಟು ಹೇಳಿದರೂ ವಾಕಿಂಗ್ ಹೋಗುವುದಿಲ್ಲ. ನಡೆದ ದಿನಕ್ಕೆ ಇಷ್ಟು ಎಂದು ಮಕ್ಕಳೆಲ್ಲ ಸೇರಿ ಹಣ ಕೊಡೋಣ ಎಂದುಕೊಂಡಿದ್ದೇವೆ. ಇದು ಸರಿಯೇ? ಹಣ ನಿಲ್ಲಿಸಿದ ಮೇಲೂ ಅವರು ನಡೆಯುತ್ತಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಪ್ಪೇನೂ ಇಲ್ಲ. ನಡಿಗೆಯ ಆಯಾಸ ಇಂದೇ ಅನುಭವಕ್ಕೆ ಬರುತ್ತದೆ, ಅದರ ಫಲ ಮಾತ್ರ ತಿಂಗಳುಗಳ ನಂತರ ಕಾಣುತ್ತದೆ. ಆ ನಡುವಿನ ಕಾಲವನ್ನು ದಾಟಿಸಲು ಸಣ್ಣ ಬಹುಮಾನವೊಂದು ನೆರವಾಗಬಲ್ಲದು. ಕಠಿಣವಾದದ್ದು ನಿಮ್ಮ ಎರಡನೆಯ ಪ್ರಶ್ನೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೂಕ ಹೆಚ್ಚಿದ್ದ 281 ಉದ್ಯೋಗಿಗಳಿಗೆ ದಿನಕ್ಕೆ 7,000 ಹೆಜ್ಜೆಗಳ ಗುರಿ ಕೊಡಲಾಗಿತ್ತು. ಗುರಿ ಮುಟ್ಟಿದ ದಿನ 1.40 ಡಾಲರ್ ಪಡೆಯುತ್ತಿದ್ದವರು ಸುಮಾರು ಶೇ 35ರಷ್ಟು ದಿನ ಗುರಿ ಮುಟ್ಟಿದರೆ, ತಿಂಗಳ ಆರಂಭದಲ್ಲೇ 42 ಡಾಲರ್ ತಮ್ಮ ಹೆಸರಿಗೆ ಜಮೆಯಾಗಿ, ತಪ್ಪಿದ ದಿನಕ್ಕೆ 1.40 ಡಾಲರಿನಂತೆ ಕಳೆದುಕೊಳ್ಳುತ್ತಿದ್ದವರು ಶೇ 45ರಷ್ಟು ದಿನ ಮುಟ್ಟಿದರು. ಕೈಗೆ ಬಂದದ್ದು ಹೋಗುವ ನೋವು ದೊಡ್ಡದು. ಆದರೆ ಹಣ ನಿಂತ ಮೇಲೆ ಈ ಮುನ್ನಡೆ ಉಳಿಯಲಿಲ್ಲ. ಹಾಗಾಗಿ ಬಹುಮಾನವನ್ನು ಆರಂಭದ ಊರುಗೋಲೆಂದಷ್ಟೇ ತಿಳಿಯಿರಿ.

ಅದನ್ನು ಯಾವುದಕ್ಕೆ ಕೊಡುತ್ತೀರಿ ಎಂಬುದು ಮೊತ್ತಕ್ಕಿಂತ ಮುಖ್ಯ. 61,000ಕ್ಕೂ ಹೆಚ್ಚು ಜಿಮ್ ಸದಸ್ಯರ ಮೇಲೆ 54 ಬಗೆಯ ಉಪಾಯಗಳನ್ನು ನಾಲ್ಕು ವಾರ ಪ್ರಯೋಗಿಸಿ, 2021ರಲ್ಲಿ ಪ್ರಕಟಿಸಿದ ಮತ್ತೊಂದು ಅಮೆರಿಕನ್ ಅಧ್ಯಯನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು, ಒಮ್ಮೆ ತಪ್ಪಿಸಿಕೊಂಡವರು ಮರಳಿ ಬಂದಾಗ ಕೊಟ್ಟ ಕೆಲವೇ ಸೆಂಟುಗಳ ಹೆಚ್ಚುವರಿ ಬಹುಮಾನ. ನಿಮ್ಮ ತಂದೆಯವರಿಗೆ ಇದು ವಿಶೇಷವಾಗಿ ಹೊಂದುತ್ತದೆ, ಏಕೆಂದರೆ ಮಧುಮೇಹಿಗಳು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬಾರದೆಂಬುದು ತಜ್ಞರ ಸಲಹೆ. ಮಳೆಗೋ ಮದುವೆಗೋ ಒಂದು ದಿನ ತಪ್ಪಿದರೆ ಮಾತೆತ್ತಬೇಡಿ; ಮರುದಿನ ಅವರು ಚಪ್ಪಲಿ ಮೆಟ್ಟಿ ಹೊರಟರೆ ಆ ದಿನದ ಮೊತ್ತವನ್ನು ಹೆಚ್ಚಿಸಿ. ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ, ಯಾರೊಡನೆ ಎಂಬುದನ್ನು ಅವರೇ ನಿರ್ಧರಿಸಲಿ. ಹಣ ನಿಂತ ಮೇಲೆ ಅವರನ್ನು ಮನೆಯಿಂದ ಹೊರಡಿಸುವುದು ಜೊತೆಗಾರರ ಕರೆಯೇ ಎಂದು ನನ್ನ ನಂಬಿಕೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಡಿಗೆಯ ಹೊತ್ತನ್ನೂ ಊಟದ ಹೊತ್ತನ್ನೂ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಕಡ್ಡಾಯವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಸಾಧನವೊಂದರಿಂದ. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆಗಳ ಲೆಕ್ಕವನ್ನೇ ಹೇಳದೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ. ಮೊದಲ ವಾರ ನೀವು ಎಂದಿನಂತೆ ಎಷ್ಟು ನಡೆಯುತ್ತೀರೆಂದು ಬರೆದಿಡಿ. 3,000 ಹೆಜ್ಜೆಗಳಿದ್ದರೆ ಮುಂದಿನ ಗುರಿ 4,000 ಆಗಲಿ, ಅದು ಸಲೀಸಾದ ಮೇಲೆ ಏರಿಸಿ.