ಸ್ಪೀಕರಿನ ಅಡಿಯಲ್ಲಿ ಕಂಪನ ತಡೆಯುವ ಪ್ಯಾಡ್ ಇಟ್ಟರೆ ಧ್ವನಿ ನಿಜಕ್ಕೂ ಸುಧಾರಿಸುತ್ತದೆಯೇ?

ಅದು ಬಹುಮಟ್ಟಿಗೆ ಸ್ಪೀಕರನ್ನು ಯಾವುದರ ಮೇಲೆ ಇಟ್ಟಿದ್ದೀರಿ ಎಂಬುದನ್ನು ಅವಲಂಬಿಸಿದೆ. ಧ್ವನಿ ಹೊಮ್ಮಿಸುವ ಕೋನ್ (ಶಂಕುವಿನಾಕಾರದ ಪೊರೆ) ಹಿಂದೆಮುಂದೆ ಚಲಿಸುವಾಗ ಸ್ಪೀಕರಿನ ಪೆಟ್ಟಿಗೆಯೂ ಅಲ್ಪಸ್ವಲ್ಪ ಅದುರುತ್ತದೆ. ಆ ಕಂಪನ ತೆಳುವಾದ ಮೇಜಿಗೋ ಮರದ ನೆಲಕ್ಕೋ ದಾಟಿದರೆ ಆ ಅಗಲವಾದ ಹಲಗೆಯೇ ತಂಬೂರಿಯ ಬುರುಡೆಯಂತೆ ದನಿಗೂಡಿಸಿ ಬಾಸ್ ಸ್ವರಗಳನ್ನು ಮಬ್ಬಾಗಿಸುತ್ತದೆ.

ರಬ್ಬರ್ ಅಥವಾ ಸ್ಪ್ರಿಂಗಿನ ಕಾಲುಗಳು ಸ್ಪೀಕರಿನ ತೂಕದೊಡನೆ ಸೇರಿ ಒಂದು ಸಹಜ ಕಂಪನಾಂಕವನ್ನು, ಅಂದರೆ ತಾವಾಗಿಯೇ ಸೆಕೆಂಡಿಗೆ ಇಷ್ಟು ಬಾರಿ (ಹರ್ಟ್ಸ್) ಅದುರುವ ಗುಣವನ್ನು, ಪಡೆಯುತ್ತವೆ. ಅದರ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನಷ್ಟೇ ಅವು ತಡೆಯಬಲ್ಲವು; ಅದರ ಆಸುಪಾಸಿನವನ್ನು ಹೆಚ್ಚಿಸಿಯೇಬಿಡುತ್ತವೆ. ಆದ್ದರಿಂದ 40 ಹರ್ಟ್ಸ್‌ನಿಂದ ಮೇಲೆ ಪ್ರಯೋಜನ ಬೇಕಿದ್ದರೆ, ಈ ಕಂಪನಾಂಕ 10ರಿಂದ 15 ಹರ್ಟ್ಸ್ ಆಗುವಂತೆ ತೂಕಕ್ಕೆ ಹೊಂದುವ ಪ್ಯಾಡನ್ನು ಆರಿಸಬೇಕು. ಹಗುರ ಸ್ಪೀಕರಿನ ಕೆಳಗೆ ಗಟ್ಟಿ ರಬ್ಬರ್ ಇಡುವುದು ಬಹುತೇಕ ವ್ಯರ್ಥ. ಚೂಪಾದ ಲೋಹದ ಸ್ಪೈಕುಗಳಂತೂ ಕಂಪನವನ್ನು ತಡೆಯುವುದಿಲ್ಲ, ಸ್ಪೀಕರನ್ನು ನೆಲಕ್ಕೆ ಬಿಗಿಯಾಗಿ ಕೂರಿಸುತ್ತವೆ ಅಷ್ಟೆ.

ಎಲ್ಲಕ್ಕಿಂತ ಹೆಚ್ಚಿನ ಲಾಭ ಟರ್ನ್‌ಟೇಬಲ್‌ಗೆ (ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರಕ್ಕೆ), ಏಕೆಂದರೆ ಅದರ ಸೂಜಿ ಹೆಜ್ಜೆಯ ಅದುರನ್ನೂ ಸ್ಪೀಕರಿನ ಕಂಪನವನ್ನೂ ಸಂಗೀತದೊಡನೆಯೇ ಗ್ರಹಿಸಿ ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಅಡಿಗೆ ದುಬಾರಿ ಕಾಲುಗಳನ್ನು ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನಗತ್ಯ. ಗೋಡೆಗಳ ನಡುವೆ ಪ್ರತಿಫಲಿಸಿ ಮೂಲೆಗಳಲ್ಲಿ ಉಬ್ಬುವ ಬಾಸ್ ಗಾಳಿಯ ಮೂಲಕ ಸಾಗುವುದರಿಂದ ಅದನ್ನು ಯಾವ ಪ್ಯಾಡೂ ಸರಿಪಡಿಸದು. ಅದಕ್ಕೆ ಸ್ಪೀಕರಿನ ಅಥವಾ ಕೇಳುಗರ ಜಾಗವನ್ನೇ ಬದಲಿಸಬೇಕು.