ತೂಕದ ಬೆಲೆ ಮತ್ತು ತಟ್ಟೆಯ ಬೆಲೆ: ಮೀನು-ಮಾಂಸದ ಖರ್ಚಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಐದು ಮಂದಿಯ ಮನೆ. ಅತ್ತೆಯವರಿಗೆ ಮೀನಿನ ಸಾರಿಲ್ಲದೆ ಊಟ ಸೇರುವುದಿಲ್ಲ. ಮಕ್ಕಳು ಮುಳ್ಳಿನ ಭಯದಿಂದ ಅಂಜಲ್ ಬಿಟ್ಟು ಬೇರೆ ಮೀನನ್ನು ಮುಟ್ಟುವುದಿಲ್ಲ. ದಿನಸಿಗಿಂತ ಮೀನಿನ ಖರ್ಚೇ ಹೆಚ್ಚಾಗಿದೆ. ಮೀನು ತಿನ್ನುವುದನ್ನು ಕಡಿಮೆ ಮಾಡದೆ ಖರ್ಚು ಇಳಿಸಬಹುದೇ?
– ಗೃಹಿಣಿ, ಕಿನ್ನಿಮುಲ್ಕಿ, ಉಡುಪಿ

ಉತ್ತರ: ಖಂಡಿತ ಇಳಿಸಬಹುದು. ಚೌಕಾಸಿಯಿಂದ ಉಳಿಯುವುದು ಹತ್ತಿಪ್ಪತ್ತು ರೂಪಾಯಿ ಮಾತ್ರ. ಯಾವ ಮೀನನ್ನು ಯಾವ ತಿಂಗಳಲ್ಲಿ ಕೊಳ್ಳುತ್ತೀರಿ ಎಂಬುದರ ಮೇಲೆ ನಿಜವಾದ ಉಳಿತಾಯ ನಿಂತಿದೆ. ಅಂಜಲ್, ಮಾಂಜಿ, ಕಾಣೆಗಳಿಗೆ ಹೋಟೆಲಿನವರ ಬೇಡಿಕೆ ವರ್ಷವಿಡೀ ಇರುವುದರಿಂದ ಅವುಗಳ ಬೆಲೆ ಹೆಚ್ಚೇನೂ ಇಳಿಯುವುದಿಲ್ಲ. ಬಂಗುಡೆ ಮತ್ತು ಬೂತಾಯಿ ಹಾಗಲ್ಲ. ಬಲೆಗೆ ರಾಶಿಯಾಗಿ ಬಿದ್ದ ದಿನ ಅವುಗಳ ಬೆಲೆ ಥಟ್ಟನೆ ಇಳಿಯುತ್ತದೆ. ಪೌಷ್ಟಿಕತೆಯಲ್ಲಿ ಇವು ಅಂಜಲಿಗಿಂತ ಕಡಿಮೆಯಲ್ಲ. ಮೂರರಲ್ಲೂ 100 ಗ್ರಾಂ ಮಾಂಸಕ್ಕೆ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬಂತೂ ಬೂತಾಯಿಯಲ್ಲಿ ಧಾರಾಳವಾಗಿದೆ. ಮಕ್ಕಳಿಗೆ ಹೆಚ್ಚು ದುಡ್ಡು ತೆತ್ತು ಒಳ್ಳೆಯ ಮೀನು ಕೊಡುತ್ತಿದ್ದೇವೆಂಬ ನಂಬಿಕೆಯನ್ನು ತಾವು ನಿಶ್ಚಿಂತೆಯಿಂದ ಬಿಡಬಹುದು.

ಮುಳ್ಳಿನ ಭಯಕ್ಕೂ ಪರಿಹಾರವಿದೆ. ತೊರಕೆಗೆ ಗಟ್ಟಿ ಮುಳ್ಳೇ ಇಲ್ಲ, ಇರುವುದು ಮೆದು ಎಲುಬು. ನಂಗ್ ಮೀನಿನ ನಡುಮುಳ್ಳು ಸುಲಭವಾಗಿ ಬಿಟ್ಟುಬರುತ್ತದೆ. ಮದಿಮಾಲ್ ಮೀನಿನ ಮಾಂಸ ಮೆದು, ಬೆಲೆಯೂ ಕೈಗೆಟಕುವಂಥದ್ದು. ಅಂಜಲ್ ಬೇಕೇ ಬೇಕೆಂದಾದರೆ ಕತ್ತರಿಸಿದ ತುಂಡುಗಳನ್ನು ಕೊಳ್ಳುವ ಬದಲು ಪಕ್ಕದ ಮನೆಯವರ ಜೊತೆ ಸೇರಿ ಇಡೀ ಮೀನು ಕೊಂಡು ಹಂಚಿಕೊಳ್ಳಿ. ತಲೆ ಮತ್ತು ಬಾಲದ ಭಾಗ ಸಾರಿಗೆ, ನಡುವಿನ ತುಂಡುಗಳು ಹುರಿಯಲು ಆಗುತ್ತವೆ. ಅತ್ತೆಯವರಿಗೆ ಆ ತಲೆಯ ಸಾರೇ ಹೆಚ್ಚು ರುಚಿಸಬಹುದು.

ಇನ್ನು ಕಾಲದ ವಿಚಾರ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ತಮಿಳುನಾಡು, ಆಂಧ್ರಗಳ ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡನ್ನೂ ಒಟ್ಟಿಗೆ ನೋಡಿದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆಯ ಬೋಟುಗಳು ದಡದಲ್ಲಿರುತ್ತವೆ ಎಂಬುದು ತಿಳಿಯುತ್ತದೆ. ತಾಜಾ ಮೀನಿಗೆ ದುಡ್ಡು ಸುರಿಯಲು ಅದಕ್ಕಿಂತ ಕೆಟ್ಟ ಸಮಯವಿಲ್ಲ. ಆ ಬಳಿಕ ಪೂರ್ವ ಕರಾವಳಿಯ ಮೀನು ಮಂಜುಗಡ್ಡೆಯಲ್ಲಿ ಬರತೊಡಗಿದರೂ ಸಾಗಾಟದ ವೆಚ್ಚ ಬೆಲೆಗೆ ಸೇರಿರುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲೇ ಒಣಮೀನು, ಒಣಸಿಗಡಿ ಕೊಂಡು, ಇನ್ನೊಮ್ಮೆ ಬಿಸಿಲಿಗೆ ಹಾಕಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತಿದ್ದುದರ ಹಿಂದೆ ಇದೇ ಲೆಕ್ಕವಿತ್ತು. ಒಂದು ಹಿಡಿ ಒಣಸಿಗಡಿಯ ಚಟ್ನಿಯೊಂದಿಗೆ ಕುಚ್ಚಲಕ್ಕಿ ಗಂಜಿಯ ಒಂದು ಊಟ ಮುಗಿಯುತ್ತದೆ. ಹಸಿ ಸಿಗಡಿಯನ್ನು ಕೂಡ ಬಸಳೆಯ ಜೊತೆಗೋ ಸೌತೆಕಾಯಿಯ ಜೊತೆಗೋ ಬೇಯಿಸಿದರೆ ಕಾಲು ಕಿಲೋ ಐವರಿಗೆ ಸಾಕು. ಇದನ್ನು ಬಡವರ ಅಡುಗೆಯೆಂದು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ.

ಸಿಗಡಿಯ ಮಾತು ಬಂದಿದ್ದರಿಂದ ಒಂದು ಲೆಕ್ಕವನ್ನೂ ಹೇಳಬೇಕು. ತಲೆ, ಸಿಪ್ಪೆ ತೆಗೆದ ಮೇಲೆ ಸಿಗಡಿಯ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಿಲೋಗೆ 400 ರೂಪಾಯಿಯಂತೆ ಇಡೀ ಸಿಗಡಿ ಕೊಂಡರೆ ತಟ್ಟೆಗೆ ಬರುವ ಮಾಂಸಕ್ಕೆ ತೆತ್ತದ್ದು ಕಿಲೋಗೆ 800 ರೂಪಾಯಿ. ಸುಲಿದದ್ದು 700 ರೂಪಾಯಿಗೆ ಸಿಕ್ಕಿದರೆ ಅದೇ ಅಗ್ಗ, ಆದರೆ ತಾಜಾತನವನ್ನು ಮಾತ್ರ ಮೂಸಿ ನೋಡಿಯೇ ಕೊಳ್ಳಬೇಕು.

ಪ್ರಶ್ನೆ: ಕೆಲಸ ಮುಗಿಸಿ ಬರುವಾಗ ಸಂಜೆ ಏಳು ದಾಟಿರುತ್ತದೆ. ಆ ಹೊತ್ತಿಗೆ ಉಳಿದ ಬಂಗುಡೆಯನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಚೆನ್ನಾಗಿ ಬೇಯಿಸಿದರೆ ತೊಂದರೆಯಿಲ್ಲವಲ್ಲ?
– ಉದ್ಯೋಗಿ, ಬಿಜೈ, ಮಂಗಳೂರು

ಉತ್ತರ: ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮೀನುಗಳ ವಿಷಯದಲ್ಲಿ ನಿಜವಲ್ಲ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಈ ಮೀನುಗಳು ತಂಪಿಲ್ಲದೆ ಹೊರಗೆ ಉಳಿದಾಗ ಬ್ಯಾಕ್ಟೀರಿಯಾಗಳಿಂದಾಗಿ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬೆಳೆಯುತ್ತದೆ. ಒಮ್ಮೆ ಬೆಳೆದ ಹಿಸ್ಟಮಿನ್ ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ. ಅಂಥ ಮೀನು ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ಮೈ ತುರಿಸುವುದು, ತಲೆನೋವು, ವಾಂತಿ, ಭೇದಿ ಕಾಣಿಸಿಕೊಳ್ಳಬಹುದು. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗೆಂದು ಸಂಜೆಯ ಮೀನೆಲ್ಲ ಕೆಟ್ಟದ್ದಲ್ಲ. ಬೆಳಗ್ಗಿನಿಂದ ಮಂಜುಗಡ್ಡೆಯ ನಡುವೆಯೇ ಇದ್ದ ಮೀನು ಸಂಜೆಗೂ ಒಳ್ಳೆಯದಿರುತ್ತದೆ, ಬೆಳಗ್ಗೆ ಬಿಸಿಲಿನಲ್ಲಿ ಎರಡು ತಾಸು ಬಿದ್ದಿದ್ದ ಮೀನು ಮಧ್ಯಾಹ್ನಕ್ಕೇ ಕೆಟ್ಟಿರಬಹುದು. ಬುಟ್ಟಿಯಲ್ಲಿ ಮಂಜುಗಡ್ಡೆ ಇದೆಯೇ, ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳುತ್ತದೆಯೇ ಎಂದು ನೋಡಿ. ಹಿಸ್ಟಮಿನ್‌ಗೆ ವಾಸನೆಯಿಲ್ಲದ ಕಾರಣ ಎಲ್ಲಕ್ಕಿಂತ ಮಂಜುಗಡ್ಡೆಯೇ ಮುಖ್ಯ. ತಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿಯೆಂದರೆ ರಜೆಯ ದಿನ ಬೆಳಗ್ಗೆ ಬೋಟುಗಳು ಮೀನು ಇಳಿಸುವ ದಕ್ಕೆಯ ಕಡೆಗೆ ಹೋಗಿ, ಅಗ್ಗವಾಗಿರುವ ಮೀನನ್ನು ಕೊಂಡು, ಶುಚಿ ಮಾಡಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆ ಬೇರೆ ಕಟ್ಟಿ, ಗಾಳಿಯಾಡದಂತೆ ಫ್ರೀಜರಿನಲ್ಲಿ ಇಡುವುದು. ಬಂಗುಡೆಯಲ್ಲಿ ಕೊಬ್ಬು ಹೆಚ್ಚಿರುವುದರಿಂದ ಎರಡು ಮೂರು ತಿಂಗಳೊಳಗೆ ಮುಗಿಸಿಬಿಡಬೇಕು.

ಪ್ರಶ್ನೆ: ಅಂಗಡಿಯಲ್ಲಿ ಜೀವಂತ ಕೋಳಿ ತೂಗಿಸಿ ಕೊಳ್ಳುವುದು ಲಾಭವೋ, ಕತ್ತರಿಸಿಟ್ಟ ಮಾಂಸ ಕೊಳ್ಳುವುದೋ?
– ಓದುಗರು, ಸುರತ್ಕಲ್

ಉತ್ತರ: ಚರ್ಮ ತೆಗೆದು ಶುಚಿ ಮಾಡಿದಾಗ ಬ್ರಾಯ್ಲರ್ ಕೋಳಿಯ ಜೀವಂತ ತೂಕದ ಸುಮಾರು ಮೂರನೇ ಎರಡು ಪಾಲು ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ಜೀವಂತ ತೂಕದ ಬೆಲೆಗೆ ಅದರ ಅರ್ಧವನ್ನು ಕೂಡಿಸಿ. ಬೆಲೆ 150 ರೂಪಾಯಿ ಇದ್ದರೆ ಮಾಂಸದ ಬೆಲೆ 225 ರೂಪಾಯಿ ಆಯಿತು. ಕತ್ತರಿಸಿದ್ದು ಅದಕ್ಕಿಂತ ಕಡಿಮೆಗೆ ಸಿಕ್ಕಿದರೆ ಅದನ್ನೇ ಕೊಳ್ಳಿ. ಎಲುಬಿಲ್ಲದ ಮಾಂಸಕ್ಕೆ ಹೆಚ್ಚು ತೆರುವುದು ನಮ್ಮ ಅಡುಗೆಗಳಿಗೆ ಅಗತ್ಯವೇ ಇಲ್ಲ. ಕೋರಿ ರೊಟ್ಟಿಯ ಸಾರಿಗೆ ಎಲುಬಿನಿಂದಲೇ ರುಚಿ ಬರುವುದು, ತೆಂಗಿನ ಹಾಲಿನ ಆ ತೆಳು ಸಾರು ರೊಟ್ಟಿಯ ಮೇಲೆ ಹರಡಿದಾಗ ಮುಕ್ಕಾಲು ಕಿಲೋ ಕೋಳಿಯಲ್ಲಿ ನಾಲ್ಕೈದು ಮಂದಿ ತೃಪ್ತಿಯಾಗಿ ಉಣ್ಣಬಹುದು. ಕುತ್ತಿಗೆ, ಬೆನ್ನಿನ ಭಾಗ, ಲಿವರ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅವುಗಳಿಗೂ ತಾವು ದುಡ್ಡು ಕೊಟ್ಟಿರುತ್ತೀರಿ.

ಹೆಚ್ಚು ಕೊಂಡು ಫ್ರೀಜರಿನಲ್ಲಿ ಇಡುವುದಾದರೆ ಮಳೆಗಾಲದ ಕರೆಂಟಿನ ಸ್ಥಿತಿ ನೆನಪಿರಲಿ. ಬಾಗಿಲು ತೆರೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಸಣ್ಣ ಖಾನೆಗೆ ಆ ಶಕ್ತಿಯಿಲ್ಲ, ಅದನ್ನು ನಂಬಿ ತಿಂಗಳ ಮಾಂಸ ಕೂಡಿಡಬೇಡಿ.