ಎರಡು ಊರು, ಎರಡು ಧಾತು, ಒಂದೇ ಹೆಸರು

ಶಿವಮೊಗ್ಗದಿಂದ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸನ ಕೊನೆಯ ದಿನಗಳನ್ನು ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ, ಚಿತ್ರವೊಂದರ ಅಡಿಬರಹವು ಅವನು ತೀರಿಕೊಂಡ ಮ್ಯಾಗ್ನೀಷಿಯವೂ ಮುಂದೆ ರೋಮನ್ನರು ಆಂಟಿಯೋಕಸ್ ದೊರೆಯನ್ನು ಸೋಲಿಸಿದ ಮ್ಯಾಗ್ನೀಷಿಯವೂ ಒಂದೇ ಎಂದಿದೆ, ಇದು ಸರಿಯೇ? ಮನೆಯ ಔಷಧದ ಡಬ್ಬಿಯಲ್ಲಿರುವ ಮಿಲ್ಕ್ ಆಫ್ ಮ್ಯಾಗ್ನೀಷಿಯ, ಪಾಠದಲ್ಲಿ ಬರುವ ಮ್ಯಾಗ್ನೆಟ್, ಮೆಗ್ನೀಷಿಯಂ, ಮ್ಯಾಂಗನೀಸ್ ಇವೆಲ್ಲ ಆ ಊರಿನಿಂದಲೇ ಬಂದ ಹೆಸರುಗಳೇ? ಮಕ್ಕಳು ಕೊನೆಯ ಎರಡನ್ನು ಅದಲುಬದಲು ಮಾಡುವುದನ್ನು ಕೊನೆಯವರೆಗೂ ತಪ್ಪಿಸಲಾಗಲಿಲ್ಲವೆಂಬ ಕೊರಗೂ ಅವರಿಗಿದೆ.

ಮಾನ್ಯರೇ,

ಆ ಅಡಿಬರಹ ಲೇಖಕರದಲ್ಲ, ನನ್ನದು. ಅದು ತಪ್ಪು. ಥೆಮಿಸ್ಟೊಕ್ಲೀಸ್ ತೀರಿಕೊಂಡದ್ದು ಮಿಯಾಂಡರ್ ನದಿಯ ಬಯಲಿನ ಮ್ಯಾಗ್ನೀಷಿಯದಲ್ಲಿ. ಆಂಟಿಯೋಕಸ್ ಸೋತದ್ದು ಸಿಪಿಲಸ್ ಬೆಟ್ಟದ ತಪ್ಪಲಿನ ಮ್ಯಾಗ್ನೀಷಿಯದ ಹತ್ತಿರ. ಎರಡೂ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿವೆ, ನಡುವಿನ ನೇರ ದೂರ ನೂರು ಕಿಲೋಮೀಟರಿಗೂ ಕಡಿಮೆ. ನಾವು ಹಿರೇಬಾಗೇವಾಡಿ, ಬಸವನ ಬಾಗೇವಾಡಿ ಎಂದು ಬೇರೆ ಮಾಡಿ ಹೇಳುವಂತೆ ಅಂದಿನವರೂ ನದಿಯ ಹೆಸರನ್ನೋ ಬೆಟ್ಟದ ಹೆಸರನ್ನೋ ಜೊತೆಗೆ ಸೇರಿಸಿಯೇ ಈ ಊರುಗಳನ್ನು ಗುರುತಿಸುತ್ತಿದ್ದರು. ಆ ಜೊತೆಮಾತನ್ನು ಕೈಬಿಟ್ಟಲ್ಲಿ ನಾನು ಎಡವಿದೆ.

ಈ ಹೆಸರು ಮೂಲದಲ್ಲಿ ಒಂದು ಜನದ್ದು ಎಂಬುದನ್ನು ಮೊದಲು ನೆನಪಿಡಬೇಕು. ಗ್ರೀಸಿನ ಥೆಸಲಿಯ ಪೂರ್ವದಂಚಿನಲ್ಲಿ, ಪೀಲಿಯನ್ ಪರ್ವತದ ಸುತ್ತ ಮ್ಯಾಗ್ನೀಟರು ಎಂಬವರು ನೆಲೆಸಿದ್ದರು. ಟ್ರಾಯ್ ಮೇಲೆ ಹೊರಟ ಹಡಗುಗಳ ಎಣಿಕೆಯಲ್ಲಿ ಹೋಮರ್ ಅವರಿಗೆ 40 ಹಡಗುಗಳನ್ನೂ ಪ್ರೊಥೂಸ್ ಎಂಬ ನಾಯಕನನ್ನೂ ಕೊಟ್ಟಿದ್ದಾನೆ. ಅವರ ನಾಡು ಮ್ಯಾಗ್ನೀಷಿಯ ಎನಿಸಿಕೊಂಡಿತು. ವೋಲೋಸ್ ಪಟ್ಟಣ ಕೇಂದ್ರವಾಗಿರುವ ಆ ಪ್ರದೇಶಕ್ಕೆ ಇಂದಿಗೂ ಅದೇ ಹೆಸರಿದೆ. ಕಡಲು ದಾಟಿ ಹೋದ ಮ್ಯಾಗ್ನೀಟರು ಏಷ್ಯಾ ಮೈನರಿನಲ್ಲಿ ನೆಲೆನಿಂತಾಗ ಹೆಸರೂ ಅವರ ಜೊತೆಗೇ ಹೋಯಿತು. ಪ್ಲೇಟೊ ತನ್ನ ಕೊನೆಗಾಲದ ಸಂವಾದದಲ್ಲಿ ಕ್ರೀಟ್ ದ್ವೀಪದಲ್ಲಿ ಕಟ್ಟಬೇಕೆಂದು ಕಲ್ಪಿಸಿದ, 5,040 ಮನೆತನಗಳ ಆದರ್ಶ ನಗರವೂ ಮ್ಯಾಗ್ನೀಟರದೇ. ಇನ್ನು ವ್ಯಕ್ತಿನಾಮವಾಗಿ ನೋಡಿದರೆ, ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಮ್ಯಾಗ್ನೀಸ್ ಎಂಬ ಹಾಸ್ಯನಾಟಕಕಾರನಿದ್ದ.

ಮಿಯಾಂಡರ್ ತೀರದ ಊರಿನ ಬಗ್ಗೆ ಒಂದು ಮಾತು. ಸಲಾಮಿಸ್ ಕಡಲಕಾಳಗದಲ್ಲಿ ಪರ್ಷಿಯನ್ನರನ್ನು ಮುರಿದ ಥೆಮಿಸ್ಟೊಕ್ಲೀಸ್ ತನ್ನವರಿಂದಲೇ ಗಡೀಪಾರಾಗಿ ಪರ್ಷಿಯದ ದೊರೆಯ ಆಶ್ರಯಕ್ಕೆ ಬಂದಾಗ, ಆ ದೊರೆ ಅವನಿಗೆ ರೊಟ್ಟಿಗೆಂದು ಮ್ಯಾಗ್ನೀಷಿಯವನ್ನೂ ದ್ರಾಕ್ಷಾರಸಕ್ಕೆಂದು ಲ್ಯಾಂಪ್ಸಕಸನ್ನೂ ನಂಜಿಕೊಳ್ಳುವುದಕ್ಕೆಂದು ಮಯೂಸನ್ನೂ ಉಂಬಳಿ ಕೊಟ್ಟನಂತೆ. ಮ್ಯಾಗ್ನೀಷಿಯ ಒಂದರಿಂದಲೇ ವರ್ಷಕ್ಕೆ 50 ಟ್ಯಾಲೆಂಟುಗಳ (ಟ್ಯಾಲೆಂಟು ಎಂದರೆ ಗ್ರೀಕರು ಬೆಳ್ಳಿಯನ್ನು ಎಣಿಸುತ್ತಿದ್ದ ದೊಡ್ಡ ತೂಕ) ಹುಟ್ಟುವಳಿ ಬರುತ್ತಿತ್ತೆಂದು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಸಿಪಿಲಸ್ ತಪ್ಪಲಿನ ಊರಾದರೋ ಇಂದು ಮಾನಿಸ ಎಂಬ ದೊಡ್ಡ ನಗರವಾಗಿ ಬಾಳುತ್ತಿದೆ, ಹಳೆಯ ಹೆಸರು ಸವೆದು ಅದೇ ಆಗಿದೆ. ಕ್ರಿ.ಪೂ. 190ರ ಚಳಿಗಾಲದ ಆ ಯುದ್ಧ ನಡೆದದ್ದು ಅದರ ಬಳಿ.

ಈಗ ಕಲ್ಲಿನ ವಿಷಯ; ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲಿ. ನಮ್ಮವರು ಕಬ್ಬಿಣಕ್ಕೆ ಪ್ರಿಯವಾದದ್ದೆಂದು ಅಯಸ್ಕಾಂತ ಎಂದರು, ಸೂಜಿಯನ್ನು ಸೆಳೆಯುವುದೆಂದು ಸೂಜಿಗಲ್ಲು ಎಂದರು. ಎರಡೂ ಕಲ್ಲಿನ ಗುಣ ನೋಡಿ ಇಟ್ಟ ಹೆಸರುಗಳು. ಗ್ರೀಕರು ಅದನ್ನು ಮ್ಯಾಗ್ನೀಷಿಯದ ಕಲ್ಲು ಎಂದರು. ಯಾವ ಮ್ಯಾಗ್ನೀಷಿಯ ಎಂಬುದರಲ್ಲಿ ಪ್ರಾಚೀನರಿಗೇ ಒಮ್ಮತವಿರಲಿಲ್ಲ. ದನ ಕಾಯುತ್ತಿದ್ದ ಮ್ಯಾಗ್ನೀಸ್ ಎಂಬವನ ಕೆರದ ಮೊಳೆಗಳೂ ಕೋಲಿನ ತುದಿಯ ಕಬ್ಬಿಣವೂ ಐಡಾ ಬೆಟ್ಟದ ಬಂಡೆಗೆ ಅಂಟಿಕೊಂಡವೆಂಬ ಕಥೆಯನ್ನು ರೋಮಿನ ಪ್ಲಿನಿ ಹೇಳುತ್ತಾನೆ. ಹೆಸರಿಗೆ ಕಾರಣ ತಿಳಿಯದಾದಾಗ ಅದೇ ಹೆಸರಿನ ಮನುಷ್ಯನೊಬ್ಬನನ್ನು ಹುಟ್ಟಿಸುವ ಪರಿಪಾಠ ಎಲ್ಲ ನಾಡಿನ ಸ್ಥಳಪುರಾಣಗಳಲ್ಲೂ ಇದೆಯಾದ್ದರಿಂದ ನಾನು ಇದನ್ನು ನಂಬಲಾರೆ. ಆದರೆ ಅದೇ ಪ್ಲಿನಿ ಈ ಕಲ್ಲಿನಲ್ಲಿ ಐದು ಬಗೆಗಳನ್ನು ಎಣಿಸಿ, ಏಷ್ಯಾದ ಮ್ಯಾಗ್ನೀಷಿಯದ್ದು ಎಲ್ಲಕ್ಕಿಂತ ಕೀಳು, ಅದು ಬೆಳ್ಳಗಿದ್ದು ಕಬ್ಬಿಣವನ್ನು ಸೆಳೆಯುವುದಿಲ್ಲ ಎನ್ನುತ್ತಾನೆ. ಗಾಜು ಮಾಡುವವರು ಕುಲುಮೆಗೆ ಸೂಜಿಗಲ್ಲನ್ನು ಬೆರೆಸುತ್ತಾರೆಂದೂ ಹೇಳುತ್ತಾನೆ. ಸೆಳೆಯುವ ಕಲ್ಲು, ಸೆಳೆಯದ ಬಿಳಿ ಕಲ್ಲು, ಗಾಜಿಗೆ ಹಾಕುವ ಕಲ್ಲು ಎಲ್ಲವೂ ಒಂದೇ ಹೆಸರಿನಡಿ ಸೇರಿಹೋದದ್ದು ಹೀಗೆ.

ಮುಂದಿನ ಶತಮಾನಗಳ ಗಾಜುಗಾರರು ಬಳಸುತ್ತಿದ್ದ ಕಪ್ಪು ಪುಡಿಯನ್ನು ಸ್ವಲ್ಪ ಹಾಕಿದರೆ ಕಬ್ಬಿಣದ ಅಂಶದಿಂದ ಗಾಜಿಗೆ ಬಂದ ಹಸಿರು ಛಾಯೆ ಹೋಗುತ್ತದೆ, ಕೈ ಮಿಕ್ಕಿದರೆ ಗಾಜು ನೇರಳೆಗೆ ತಿರುಗುತ್ತದೆ. ಅದನ್ನು ಕಪ್ಪು ಮ್ಯಾಗ್ನೀಷಿಯ ಎಂದೂ, ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದ ಬೆಳ್ಳನೆಯ ಪುಡಿಯನ್ನು ಬಿಳಿ ಮ್ಯಾಗ್ನೀಷಿಯ ಎಂದೂ ಕರೆದರು. ಕಪ್ಪಿನದು ಬಾಯಿಂದ ಬಾಯಿಗೆ ಹೋಗುತ್ತ ಅಕ್ಷರ ಪಲ್ಲಟಗೊಂಡು ಮ್ಯಾಂಗನೀಸ್ ಆಯಿತು. 1774ರಲ್ಲಿ ಸ್ವೀಡನ್ನಿನ ಗಾನ್ ಅದರಿಂದ ಲೋಹವನ್ನು ಬೇರ್ಪಡಿಸಿದ. ಬಿಳಿಯದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಕಾಯಿಸಿ, ತೂಗಿ ನೋಡಿ, ಅದರಿಂದ ಹೊರಬೀಳುವ, ನಾವಿಂದು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲವನ್ನು ಗುರುತಿಸಿದ. 1808ರಲ್ಲಿ ಹಂಫ್ರಿ ಡೇವಿ ಬಿಳಿ ಮ್ಯಾಗ್ನೀಷಿಯದ ಲೋಹವನ್ನು ವಿದ್ಯುತ್ತಿನಿಂದ ಪಡೆದಾಗ ಅದಕ್ಕೆ ಮೆಗ್ನೀಷಿಯಂ ಎಂಬ ಹೆಸರಿಡಲಿಲ್ಲ, ಮ್ಯಾಗ್ನಿಯಂ ಎಂದ. ಏಕೆಂದರೆ ಮೆಗ್ನೀಷಿಯಂ ಎಂಬ ಹೆಸರು ಆ ವೇಳೆಗಾಗಲೇ ಮ್ಯಾಂಗನೀಸ್ ಲೋಹಕ್ಕೆ ಬಳಕೆಯಲ್ಲಿತ್ತು. ತಮ್ಮ ವಿದ್ಯಾರ್ಥಿಗಳು ಮಾಡಿದ ಅದಲುಬದಲನ್ನು ಯುರೋಪಿನ ರಸಾಯನಶಾಸ್ತ್ರಜ್ಞರೂ ಮಾಡಿದ್ದರು, ಆದ್ದರಿಂದ ತಾವು ಕೊರಗಬೇಕಾದದ್ದಿಲ್ಲ. 12ನೇ ಧಾತು ಬಿಳಿಯದರದು, 25ನೆಯದು ಕಪ್ಪಿನದು.

ತಮ್ಮ ಔಷಧದ ಬಾಟಲಿಯಲ್ಲಿರುವುದು ಬಿಳಿಯದರ ವಂಶ. ನೀರಿನಲ್ಲಿ ಕರಗದ ಮೆಗ್ನೀಷಿಯಂ ಹೈಡ್ರಾಕ್ಸೈಡ್ ತಳಕ್ಕೆ ಕೂರುತ್ತದೆ, ಕುಲುಕಿದರೆ ಮೇಲೆದ್ದು ಹಾಲಿನಂತೆ ಕಾಣುತ್ತದೆ; ಹಾಲೆಂಬ ಮಾತು ಹೆಸರಿಗೆ ಸೇರಿದ್ದು 1870ರ ದಶಕದ ಅಮೆರಿಕದಲ್ಲಿ. ಕಪ್ಪಿನ ವಂಶವನ್ನು ನೋಡಬೇಕಾದರೆ ಸಂಡೂರಿನ ಬೆಟ್ಟಗಳಿಗೆ ಹೋಗಬೇಕು. ಉಕ್ಕಿನ ಕಾರ್ಖಾನೆಗೆ ಬೇಕಾದ ಮ್ಯಾಂಗನೀಸ್ ಅದಿರನ್ನು ಅಲ್ಲಿ ಅಗೆಯುತ್ತಾರೆ, ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತುತ್ತದೆ. ಬಿಳಿಯ ಮ್ಯಾಗ್ನಸೈಟ್ ಅದಿರು ಮೈಸೂರು ಜಿಲ್ಲೆಯಲ್ಲಿದೆ. ಪೀಲಿಯನ್ ಪರ್ವತದ ಜನರ ಹೆಸರು ಹೊತ್ತ ಎರಡು ಕಲ್ಲುಗಳೂ ನಮ್ಮ ರಾಜ್ಯದ ನೆಲದಲ್ಲಿವೆ.

ಮುಂದಿನ ಸಂಚಿಕೆಯಲ್ಲಿ ಆ ಚಿತ್ರವನ್ನು "ಮಿಯಾಂಡರ್ ತೀರದ ಮ್ಯಾಗ್ನೀಷಿಯ" ಎಂಬ ಸರಿಯಾದ ಅಡಿಬರಹದೊಂದಿಗೆ ಮತ್ತೆ ಅಚ್ಚು ಹಾಕುತ್ತೇವೆ.

– ಸಂಪಾದಕ